ಅನುಮತಿಯಿಲ್ಲದೆ ಬಳಸಿದ ಛಾಯಾಚಿತ್ರ: ಛಾಯಾಗ್ರಾಹಕರ ಮುಂದಿರುವ ದಾರಿಗಳ ಹೋಲಿಕೆ

ಕಬಿನಿಯ ಹಿನ್ನೀರಿನಲ್ಲಿ ತೆಗೆದ ಆನೆಯ ಚಿತ್ರ ಯಾವುದೋ ರೆಸಾರ್ಟಿನ ಇನ್‌ಸ್ಟಾಗ್ರಾಂ ಪುಟದಲ್ಲಿ ಕಾಣಿಸಿಕೊಳ್ಳುತ್ತದೆ. ಯಕ್ಷಗಾನದ ಬಣ್ಣದ ವೇಷದ ಚಿತ್ರ ಜವಳಿ ಅಂಗಡಿಯ ಕ್ಯಾಲೆಂಡರಿನ ಮೇಲೆ ಅಚ್ಚಾಗುತ್ತದೆ. ಮದುವೆಮನೆಯಲ್ಲಿ ತೆಗೆದ ವಧುವಿನ ಚಿತ್ರ ಬ್ಯೂಟಿ ಪಾರ್ಲರ್ ಒಂದರ ಫ್ಲೆಕ್ಸ್ ಸೇರುತ್ತದೆ. ಮೂರರಲ್ಲೂ ಚಿತ್ರ ತೆಗೆದವರನ್ನು ಯಾರೂ ಕೇಳಿಲ್ಲ, ಹೆಸರು ಹಾಕಿಲ್ಲ, ಹಣ ಕೊಟ್ಟಿಲ್ಲ. ಹೀಗಾದಾಗ ಬಳಸಿದವರಿಗೆ ನೇರವಾಗಿ ಬರೆಯಬೇಕೆ, ಜಾಲತಾಣಕ್ಕೆ ದೂರು ಕೊಡಬೇಕೆ, ವಕೀಲರ ನೋಟಿಸ್ ಕಳಿಸಬೇಕೆ, ನ್ಯಾಯಾಲಯಕ್ಕೆ ಹೋಗಬೇಕೆ, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕೆ, ಇಲ್ಲವೇ ವಸೂಲಿಯ ಕೆಲಸವನ್ನು ಯಾವುದಾದರೂ ಸಂಸ್ಥೆಗೆ ಒಪ್ಪಿಸಬೇಕೆ ಎಂಬ ಗೊಂದಲದಲ್ಲಿ ಎಷ್ಟೋ ಛಾಯಾಗ್ರಾಹಕರು ತಿಂಗಳುಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ. ಈ ದಾರಿಗಳೆಲ್ಲ ಕಾನೂನುಬದ್ಧವೇ ಆಗಿವೆ. ಆದರೆ ಅವುಗಳಿಗೆ ತಗಲುವ ಖರ್ಚು, ಹಿಡಿಯುವ ಕಾಲ ಮತ್ತು ಕೊನೆಗೆ ಕೈಗೆ ಸಿಗುವ ಫಲ ಬೇರೆ ಬೇರೆ. ಆದ್ದರಿಂದ ಆಯ್ಕೆಗೆ ಮೊದಲು ಅಳತೆಗೋಲುಗಳನ್ನು ನಿಶ್ಚಯಿಸಿಕೊಳ್ಳುವುದು ಅಗತ್ಯ.

ಮೊದಲು ನೋಡಬೇಕಾದ ಸಂಗತಿಗಳು

ಎಲ್ಲಕ್ಕಿಂತ ಮೊದಲ ಪ್ರಶ್ನೆ, ಹಕ್ಕು ನಿಜಕ್ಕೂ ನಿಮ್ಮದೇ ಎಂಬುದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರವು ಕಲಾಕೃತಿ. ಅದನ್ನು ತೆಗೆದವರೇ ಅದರ ಕರ್ತೃ. ಚಿತ್ರ ತೆಗೆದ ಕ್ಷಣದಲ್ಲೇ ಹಕ್ಕುಸ್ವಾಮ್ಯ ಹುಟ್ಟುತ್ತದೆ, ಅದಕ್ಕೆ ನೋಂದಣಿ ಬೇಕಿಲ್ಲ. 2012ರ ತಿದ್ದುಪಡಿಯ ನಂತರ ಅದರ ಅವಧಿ ಕರ್ತೃವಿನ ಜೀವಿತಕಾಲ ಮತ್ತು ಆಮೇಲಿನ 60 ವರ್ಷ. ಆದರೆ ಕರ್ತೃವೇ ಯಾವಾಗಲೂ ಮಾಲೀಕರಾಗಿರುವುದಿಲ್ಲ. 17ನೇ ಕಲಂ ಹೇಳುವಂತೆ, ಯಾರದೋ ಕೋರಿಕೆಯ ಮೇರೆಗೆ ಹಣ ಪಡೆದು ಚಿತ್ರ ತೆಗೆದಾಗ, ಬೇರೆ ರೀತಿಯ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದವರೇ ಮೊದಲ ಮಾಲೀಕರು. ಅಂದರೆ ಮೇಲೆ ಹೇಳಿದ ವಧುವಿನ ಚಿತ್ರದ ಹಕ್ಕು, ಕರಾರುಪತ್ರದಲ್ಲಿ ಬೇರೆ ಮಾತು ಬರೆದಿರದಿದ್ದರೆ, ಮದುವೆಯ ಛಾಯಾಗ್ರಾಹಕರಿಗೆ ಹಣ ಕೊಟ್ಟ ಮನೆಯವರದ್ದು. ಪತ್ರಿಕೆಯ ನೌಕರಿಯಲ್ಲಿದ್ದು ತೆಗೆದ ಚಿತ್ರಗಳಿಗೆ, ಪತ್ರಿಕೆಯಲ್ಲಿ ಪ್ರಕಟಿಸುವ ಮಟ್ಟಿಗೆ, ಪತ್ರಿಕೆಯ ಮಾಲೀಕರೇ ಒಡೆಯರು. ಸ್ಟುಡಿಯೋದ ಸಂಬಳದ ನೌಕರರು ಕೆಲಸದ ಭಾಗವಾಗಿ ತೆಗೆದ ಚಿತ್ರಗಳು ಸ್ಟುಡಿಯೋಗೆ ಸೇರುತ್ತವೆ. ತಮ್ಮ ಇಚ್ಛೆಯಿಂದ, ತಮ್ಮ ಖರ್ಚಿನಲ್ಲಿ ಕಾಡಿಗೋ ಜಾತ್ರೆಗೋ ಹೋಗಿ ತೆಗೆದವರ ಸ್ಥಾನ ಮಾತ್ರ ಇಲ್ಲಿ ಸಂಪೂರ್ಣ ಭದ್ರ.

ಆದರೂ ಮಾಲೀಕತ್ವ ಕೈಬಿಟ್ಟುಹೋದವರಿಗೆ ಒಂದು ಆಸರೆ ಉಳಿದಿರುತ್ತದೆ. 57ನೇ ಕಲಂ ಕರ್ತೃವಿಗೆ, ಹಕ್ಕನ್ನು ಮಾರಿದ ಮೇಲೂ, ತನ್ನ ಕೃತಿ ತನ್ನದೆಂದು ಹೇಳಿಕೊಳ್ಳುವ ಮತ್ತು ತನ್ನ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ವಿರೂಪಗೊಳಿಸುವುದನ್ನು ತಡೆಯುವ ವಿಶೇಷ ಹಕ್ಕನ್ನು ಕೊಡುತ್ತದೆ. ದೆಹಲಿ ಹೈಕೋರ್ಟ್ 2005ರಲ್ಲಿ ಶಿಲ್ಪಿ ಅಮರನಾಥ್ ಸೆಹಗಲ್ ಅವರ ಪ್ರಕರಣದಲ್ಲಿ, ಕೇಂದ್ರ ಸರ್ಕಾರ ಕಿತ್ತುಹಾಕಿ ಹಾಳುಗೆಡವಿದ ಅವರ ಭಿತ್ತಿಶಿಲ್ಪದ ವಿಷಯದಲ್ಲಿ ಇದೇ ಕಲಮನ್ನು ಆಧರಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಎರಡನೆಯ ಸಂಗತಿ, ಆ ಬಳಕೆ ಕಾಯ್ದೆಯ ವಿನಾಯಿತಿಯೊಳಗೆ ಬರುತ್ತದೆಯೇ ಎಂಬುದು. 52ನೇ ಕಲಂ ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆ ಮತ್ತು ಪ್ರಚಲಿತ ವಿದ್ಯಮಾನಗಳ ವರದಿಗಾಗಿ ಮಾಡುವ ನ್ಯಾಯೋಚಿತ ಬಳಕೆಯನ್ನು ಉಲ್ಲಂಘನೆಯೆಂದು ಪರಿಗಣಿಸುವುದಿಲ್ಲ. ಬ್ರಿಟನ್ನಿನ ಕಾನೂನು ಸುದ್ದಿ ವರದಿಯ ವಿನಾಯಿತಿಯಿಂದ ಛಾಯಾಚಿತ್ರಗಳನ್ನು ಹೊರಗಿಟ್ಟಿದೆ. ಭಾರತದ ಕಾನೂನಿನಲ್ಲಿ ಅಂಥ ಹೊರಗಿಡುವಿಕೆ ಇಲ್ಲ. ಆದ್ದರಿಂದ ಸುದ್ದಿವಾಹಿನಿಯೊಂದು ನಿಮ್ಮ ಚಿತ್ರವನ್ನು ಬಳಸಿದಾಗ ಈ ವಾದ ಎದುರಾಗಬಹುದೆಂದು ಸಿದ್ಧರಿರಬೇಕು. ರೆಸಾರ್ಟಿನ ಜಾಹೀರಾತಿಗೂ ಅಂಗಡಿಯ ಕ್ಯಾಲೆಂಡರಿಗೂ ಈ ಆಶ್ರಯ ಸಿಗುವುದಿಲ್ಲ. ಇನ್ನು ಮುಕ್ತ ಚಿತ್ರಗಳ ಜಾಲಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ, ಷರತ್ತಿನ ಮೇಲೆ ಯಾರಾದರೂ ಬಳಸಲು ಮೊದಲೇ ಒಪ್ಪಿಗೆ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಚಿತ್ರ ಸೇರಿಸಿದವರು ಬಳಕೆಯನ್ನೇ ಆಕ್ಷೇಪಿಸಲಾರರು. ಹೆಸರು ಹಾಕದಿರುವಂಥ ಷರತ್ತಿನ ಉಲ್ಲಂಘನೆಯನ್ನು ಮಾತ್ರ ಆಕ್ಷೇಪಿಸಬಹುದು. ಆ ಪರವಾನಗಿಯ 4.0 ಆವೃತ್ತಿಯಲ್ಲಿ, ತಪ್ಪು ಗೊತ್ತಾದ 30 ದಿನಗಳೊಳಗೆ ಬಳಸಿದವರು ಸರಿಪಡಿಸಿಕೊಂಡರೆ ಅವರ ಹಕ್ಕು ತಾನಾಗಿಯೇ ಮರಳುತ್ತದೆ.

ಮೂರನೆಯದು ನಿಮಗೆ ಬೇಕಾಗಿರುವುದೇನು ಎಂಬುದು. ಚಿತ್ರ ತೆಗೆದುಹಾಕಿದರೆ ಸಾಕೆ, ಹೆಸರು ಬೇಕೆ, ಹಣ ಬೇಕೆ, ಇಲ್ಲವೇ ಆ ವ್ಯಕ್ತಿ ಮತ್ತೆಂದೂ ಹೀಗೆ ಮಾಡದಂತೆ ತಡೆಯಬೇಕೆ? ಇವು ನಾಲ್ಕು ಬೇರೆ ಗುರಿಗಳು. ತಕ್ಷಣ ಚಿತ್ರ ತೆಗೆಸಿಬಿಟ್ಟರೆ ಹಣ ಕೇಳುವಾಗಿನ ಒತ್ತಡ ಕಡಿಮೆಯಾಗುತ್ತದೆ. ಹಣಕ್ಕಾಗಿ ವರ್ಷಗಟ್ಟಲೆ ಕಾಯುವಾಗ ಚಿತ್ರ ಹತ್ತು ಕಡೆ ಹರಡಿರುತ್ತದೆ. ಇದರೊಂದಿಗೆ ಬಳಸಿದವರು ಯಾರು, ಎಲ್ಲಿದ್ದಾರೆ, ಅವರಿಂದ ಲಾಭ ಎಷ್ಟಾಗಿರಬಹುದು ಎಂಬುದನ್ನೂ ತೂಗಬೇಕು. ಊರಿನ ಶಾಲೆಯ ವಾರ್ಷಿಕ ಸಂಚಿಕೆಗೂ ರಾಷ್ಟ್ರಮಟ್ಟದ ಕಂಪನಿಯ ಜಾಹೀರಾತಿಗೂ ಒಂದೇ ಅಸ್ತ್ರ ಪ್ರಯೋಗಿಸುವುದು ಸರಿಯಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಸಾಕ್ಷ್ಯವನ್ನು ಭದ್ರಪಡಿಸಿದ ನಂತರವೇ ಮೊದಲ ಪತ್ರ

ಯಾವ ದಾರಿ ಹಿಡಿದರೂ ಸಾಕ್ಷ್ಯ ಸಂಗ್ರಹ ಮೊದಲು ಆಗಬೇಕು, ಏಕೆಂದರೆ ನಿಮ್ಮ ಮೊದಲ ಸಂದೇಶ ತಲುಪಿದ ಐದು ನಿಮಿಷಗಳಲ್ಲಿ ಪೋಸ್ಟ್ ಅಳಿಸಿಹೋಗಬಹುದು. ಪುಟದ ಪೂರ್ತಿ ವಿಳಾಸ, ದಿನಾಂಕ ಮತ್ತು ಸಮಯ ಕಾಣುವ ಸ್ಕ್ರೀನ್‌ಶಾಟ್, ಸಾಧ್ಯವಾದರೆ ಪರದೆಯ ವಿಡಿಯೋ ದಾಖಲೆ, ಸಾರ್ವಜನಿಕ ಪುಟವಾದರೆ ಜಾಲಪುಟಗಳ ಹಳೆಯ ಪ್ರತಿಗಳನ್ನು ಕಾದಿಡುವ ವೇಬ್ಯಾಕ್ ಮಷೀನ್ ತಾಣದಲ್ಲಿ ಒಂದು ಪ್ರತಿ, ಮುದ್ರಿತ ವಸ್ತುವಾದರೆ ಆ ಕ್ಯಾಲೆಂಡರಿನ ಅಥವಾ ಕರಪತ್ರದ ಒಂದು ಮೂಲ ಪ್ರತಿ, ಕೊಂಡಿದ್ದರೆ ಅದರ ರಸೀದಿ, ಇಷ್ಟನ್ನು ಎತ್ತಿಡಬೇಕು. ನಿಮ್ಮ ಕಡೆಯಿಂದ ರಾ ಫೈಲ್ (ಕ್ಯಾಮೆರಾದ ಸಂಸ್ಕರಿಸದ ಮೂಲ ಫೈಲ್), ಅದರ ಹಿಂದಿನ ಮುಂದಿನ ಫ್ರೇಮ್‌ಗಳು, ದಿನಾಂಕ, ಸಮಯ ಮುಂತಾಗಿ ಕ್ಯಾಮೆರಾ ದಾಖಲಿಸಿದ ಎಕ್ಸಿಫ್ ಮಾಹಿತಿ ಮತ್ತು ನೀವು ಮೊದಲು ಪ್ರಕಟಿಸಿದ ದಿನಾಂಕದ ಪುರಾವೆ ಬೇಕು. ಜಾಲದಿಂದ ಇಳಿಸಿಕೊಂಡ ಜೆಪೆಗ್ ಯಾರ ಬಳಿಯಾದರೂ ಇರಬಹುದು. ಒಂದೇ ದೃಶ್ಯದ ಹನ್ನೆರಡು ಸತತ ರಾ ಫೈಲ್‌ಗಳು ಚಿತ್ರ ತೆಗೆದವರ ಬಳಿ ಮಾತ್ರ ಇರುತ್ತವೆ.

ನ್ಯಾಯಾಲಯದ ಮಾತು ಬಂದಾಗ ಇನ್ನೊಂದು ಕಟ್ಟುಪಾಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಹಾಜರುಪಡಿಸುವಾಗ ಪ್ರಮಾಣಪತ್ರ ಜೊತೆಗಿರಬೇಕು. ಅದರ ಒಂದು ಭಾಗಕ್ಕೆ ದಾಖಲೆ ಕೊಡುವವರೂ ಇನ್ನೊಂದು ಭಾಗಕ್ಕೆ ತಜ್ಞರೂ ಸಹಿ ಹಾಕಬೇಕು, ಫೈಲಿನ ಹ್ಯಾಶ್ ಮೌಲ್ಯವನ್ನು, ಅಂದರೆ ಫೈಲ್ ಸ್ವಲ್ಪ ಬದಲಾದರೂ ಬದಲಾಗುವ ಅದರ ಗಣಕೀಕೃತ ಗುರುತು ಸಂಖ್ಯೆಯನ್ನು, ನಮೂದಿಸಬೇಕು. ಸ್ಕ್ರೀನ್‌ಶಾಟ್ ತೆಗೆದ ದಿನವೇ ಆ ಫೈಲಿನ ಎಸ್‌ಎಚ್‌ಎ-256 ಎಂಬ ಬಗೆಯ ಹ್ಯಾಶ್ ಬರೆದಿಟ್ಟುಕೊಂಡು, ಮೂಲವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಗುಣಮಟ್ಟ ಕೆಡಿಸದೆ ಪ್ರತ್ಯೇಕವಾಗಿ ಇಟ್ಟರೆ ಮುಂದೆ ವಕೀಲರ ಕೆಲಸ ಹಗುರವಾಗುತ್ತದೆ.

ನೇರವಾಗಿ ಬರೆದು ಕೇಳುವುದು

ಖರ್ಚಿಲ್ಲದ, ಸಂಬಂಧ ಕೆಡದ ದಾರಿ ಇದು. ಸ್ಥಳೀಯ ಅಂಗಡಿ, ಹೋಮ್‌ಸ್ಟೇ, ಸಣ್ಣ ಪ್ರಕಾಶಕರು, ಸಂಘಸಂಸ್ಥೆಗಳು ಹೆಚ್ಚಾಗಿ ಗೂಗಲ್‌ನಲ್ಲಿ ಸಿಕ್ಕಿದ್ದನ್ನು ಎಲ್ಲರಿಗೂ ಸೇರಿದ್ದೆಂದು ತಿಳಿದು ಬಳಸಿರುತ್ತಾರೆ. ಅಂಥವರಿಗೆ ಮೊದಲ ಪತ್ರದಲ್ಲೇ ಜೈಲಿನ ಮಾತೆತ್ತುವುದು ಅನಗತ್ಯ. ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸುವ ಪತ್ರದಲ್ಲಿ ಚಿತ್ರ ಯಾವುದು, ಎಲ್ಲಿ ಬಳಕೆಯಾಗಿದೆ, ಅದು ನಿಮ್ಮದೆನ್ನಲು ಆಧಾರವೇನು, ನೀವು ಕೇಳುತ್ತಿರುವುದೇನು, ಯಾವ ದಿನಾಂಕದೊಳಗೆ ಉತ್ತರ ಬೇಕು ಎಂಬ ಐದು ಸಂಗತಿಗಳಿದ್ದರೆ ಸಾಕು. ಹಣ ಕೇಳುವುದಾದರೆ ಬಿಲ್ಲಿನ ರೂಪದಲ್ಲೇ ಕೇಳುವುದು ಒಳ್ಳೆಯದು: ಇಂಥ ಬಳಕೆಗೆ ನಾನು ಪಡೆಯುವ ಪರವಾನಗಿ ಶುಲ್ಕ ಇಷ್ಟು, ನೀವು ಬಳಸಿದ ಅವಧಿ ಇಷ್ಟು, ಆದ್ದರಿಂದ ಬಾಕಿ ಇಷ್ಟು.

ಈ ಪತ್ರಕ್ಕೆ ಬಹಳ ಜನ ಗಮನಿಸದ ಒಂದು ಕಾನೂನಿನ ಬೆಲೆಯೂ ಇದೆ. ಹಕ್ಕುಸ್ವಾಮ್ಯ ಕಾಯ್ದೆಯ 55ನೇ ಕಲಮಿನಂತೆ, ಕೃತಿಗೆ ಹಕ್ಕುಸ್ವಾಮ್ಯ ಇತ್ತೆಂಬುದು ತನಗೆ ಗೊತ್ತಿರಲಿಲ್ಲ, ಗೊತ್ತಾಗಲು ಕಾರಣವೂ ಇರಲಿಲ್ಲ ಎಂದು ಪ್ರತಿವಾದಿ ಸಾಬೀತುಪಡಿಸಿದರೆ, ತಡೆಯಾಜ್ಞೆ ಮತ್ತು ಲಾಭದಲ್ಲಿ ಪಾಲನ್ನು ಬಿಟ್ಟು ಬೇರೆ ಪರಿಹಾರ ಸಿಗುವುದಿಲ್ಲ. ನಿಮ್ಮ ಪತ್ರ ತಲುಪಿದ ದಿನದಿಂದ ಆ ನೆಪ ಉಳಿಯುವುದಿಲ್ಲ. ಅದೇ ಕಲಂ, ಪ್ರಕಟವಾದ ಪ್ರತಿಯ ಮೇಲೆ ಯಾರ ಹೆಸರಿದೆಯೋ ಅವರನ್ನೇ ಕರ್ತೃವೆಂದು, ವಿರುದ್ಧ ಸಾಬೀತಾಗುವವರೆಗೆ, ಭಾವಿಸಬೇಕೆಂದೂ ಹೇಳುತ್ತದೆ. ಚಿತ್ರದ ಮೂಲೆಯಲ್ಲಿ ಸಣ್ಣದಾಗಿ ಹೆಸರು ಹಾಕುವುದನ್ನು ಅಂದಗೆಡಿಸುವ ಕೆಲಸವೆಂದು ಬಿಟ್ಟವರು ಈ ಕಾರಣಕ್ಕಾದರೂ ಮತ್ತೊಮ್ಮೆ ಯೋಚಿಸಬೇಕು.

ಈ ದಾರಿಯ ಕೊರತೆಯೆಂದರೆ ಇದರ ಹಿಂದೆ ಬಲವಂತದ ಶಕ್ತಿಯಿಲ್ಲ. ದೊಡ್ಡ ಸಂಸ್ಥೆಗಳು ಉತ್ತರಿಸದೇ ಇರಬಹುದು, ಇಲ್ಲವೇ ‘ನಿಮ್ಮ ಹೆಸರು ಹಾಕುತ್ತೇವೆ, ನಿಮಗೂ ಪ್ರಚಾರ’ ಎಂದು ಮುಗಿಸಲು ನೋಡಬಹುದು. ಜಾಹೀರಾತಿಗೆ ಬಳಸಿದ ಚಿತ್ರಕ್ಕೆ ಹೆಸರು ಹಾಕುವುದು ಶುಲ್ಕಕ್ಕೆ ಬದಲಿಯಲ್ಲ. ಈ ರಾಜಿಗೆ ಒಪ್ಪುವ ಪ್ರತಿಯೊಬ್ಬರೂ ಮುಂದಿನ ಛಾಯಾಗ್ರಾಹಕರ ದರವನ್ನು ಇಳಿಸುತ್ತಿದ್ದಾರೆಂಬುದು ನನ್ನನ್ನು ನಿಜಕ್ಕೂ ನೋಯಿಸುವ ವಿಷಯ.

ಜಾಲತಾಣಕ್ಕೆ ದೂರು

ಚಿತ್ರ ಇಳಿಸುವುದಷ್ಟೇ ಗುರಿಯಾದರೆ ಇದಕ್ಕಿಂತ ವೇಗದ ದಾರಿ ಇಲ್ಲ. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್, ಗೂಗಲ್ ಹುಡುಕಾಟ, ಹೀಗೆ ಎಲ್ಲ ದೊಡ್ಡ ವೇದಿಕೆಗಳಲ್ಲೂ ಹಕ್ಕುಸ್ವಾಮ್ಯ ದೂರಿನ ಅರ್ಜಿ ಇದೆ. ಇವು 1998ರ ಅಮೆರಿಕದ ಡಿಎಂಸಿಎ (ಡಿಜಿಟಲ್ ಮಿಲೆನಿಯಂ ಕಾಪಿರೈಟ್ ಆ್ಯಕ್ಟ್) ಕಾಯ್ದೆಯ ಪದ್ಧತಿಯನ್ನು ಅನುಸರಿಸುತ್ತವೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ನೋಂದಣಿ ಬೇಕಿಲ್ಲ. ಆದರೆ ಎದುರು ಪಕ್ಷದವರು ದೂರನ್ನು ಅಲ್ಲಗಳೆಯುವ ಪ್ರತಿಸೂಚನೆ ಕೊಟ್ಟರೆ, ನೀವು ದಾವೆ ಹೂಡಿದ್ದೀರೆಂದು ತಿಳಿಸದಿದ್ದಲ್ಲಿ, 10ರಿಂದ 14 ಕೆಲಸದ ದಿನಗಳಲ್ಲಿ ಚಿತ್ರ ಮತ್ತೆ ಮೇಲೇರುತ್ತದೆ. ದೂರು ಕೊಟ್ಟವರ ಹೆಸರು ಮತ್ತು ಇಮೇಲ್ ಎದುರಿನವರಿಗೆ ತಲುಪುವುದುಂಟು. ಹಾಗಾಗಿ ವ್ಯವಹಾರಕ್ಕೆಂದೇ ಇಟ್ಟ ವಿಳಾಸವನ್ನು ಬಳಸುವುದು ಕ್ಷೇಮ, ವಿಶೇಷವಾಗಿ ಮಹಿಳಾ ಛಾಯಾಗ್ರಾಹಕರಿಗೆ.

ಭಾರತದ ಕಾನೂನಿನಲ್ಲೂ ಇದಕ್ಕೆ ಸಮಾನವಾದ ವ್ಯವಸ್ಥೆಯಿದೆ. 2013ರ ಹಕ್ಕುಸ್ವಾಮ್ಯ ನಿಯಮಗಳ 75ನೇ ನಿಯಮದಂತೆ ಲಿಖಿತ ದೂರು ತಲುಪಿದ 36 ಗಂಟೆಗಳೊಳಗೆ, ದೂರಿನಲ್ಲಿ ಹುರುಳಿದೆಯೆಂದು ಕಂಡರೆ, ವೇದಿಕೆ ಆ ಪ್ರತಿಗೆ ಪ್ರವೇಶವನ್ನು ತಡೆಹಿಡಿಯಬೇಕು. ಆದರೆ 21 ದಿನಗಳೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ತಡೆ ತೆರವಾಗಬಹುದು. ದಾವೆ ಹೂಡುತ್ತೇನೆಂಬ ವಾಗ್ದಾನವನ್ನೂ ದೂರಿನಲ್ಲೇ ಬರೆದುಕೊಡಬೇಕು. ದಾವೆಯ ಸಿದ್ಧತೆಯಿಲ್ಲದವರಿಗೆ ಇದು ಭಾರವಾದ ಮಾತು. ಆದ್ದರಿಂದ ಒಂದೆರಡು ಪೋಸ್ಟ್‌ಗಳ ಸಮಸ್ಯೆಗೆ ವೇದಿಕೆಯ ಸ್ವಂತ ಅರ್ಜಿಯೇ ಮೇಲು. ಅಂತಹ ಅರ್ಜಿಯನ್ನೇ ಇಡದ ಭಾರತೀಯ ಜಾಲತಾಣಕ್ಕೆ, ಹೇಗೂ ನ್ಯಾಯಾಲಯಕ್ಕೆ ಹೋಗಲು ನಿರ್ಧರಿಸಿದ್ದರೆ, 75ನೇ ನಿಯಮದ ದೂರು ತಕ್ಕದ್ದು.

ಈ ದಾರಿಯಲ್ಲಿ ಹಣ ಬರುವುದಿಲ್ಲ. ಫ್ಲೆಕ್ಸ್, ಕ್ಯಾಲೆಂಡರ್, ಪುಸ್ತಕದ ಮುಖಪುಟ ಮುಂತಾದ ಮುದ್ರಿತ ಬಳಕೆಗೆ ಇದರಿಂದ ಏನೂ ಆಗುವುದಿಲ್ಲ.

ವಕೀಲರ ನೋಟಿಸ್

ಹಣವೇ ಗುರಿಯಾಗಿದ್ದು, ಬಳಸಿದವರು ಭಾರತದಲ್ಲೇ ಗುರುತಿಸಬಹುದಾದ ವ್ಯಾಪಾರ ಸಂಸ್ಥೆಯಾಗಿದ್ದರೆ, ಖರ್ಚಿಗೂ ಫಲಕ್ಕೂ ಅತ್ಯಂತ ಹೊಂದಿಕೆಯಿರುವ ದಾರಿ ಇದೆಂದು ನಾನು ಭಾವಿಸುತ್ತೇನೆ. ನೋಟಿಸಿನ ಶುಲ್ಕ ವಕೀಲರಿಂದ ವಕೀಲರಿಗೆ ಬೇರೆಯಾದರೂ ದಾವೆಯ ಖರ್ಚಿಗೆ ಹೋಲಿಸಿದರೆ ಅದು ಸಣ್ಣ ಮೊತ್ತ. ಮಾರುಕಟ್ಟೆ ವಿಭಾಗದ ಯಾರೋ ಬದಿಗಿಟ್ಟ ಇಮೇಲ್, ನೋಟಿಸ್ ರೂಪದಲ್ಲಿ ಬಂದಾಗ ಕಂಪನಿಯ ಕಾನೂನು ವಿಭಾಗದ ಮೇಜಿಗೆ ಹೋಗುತ್ತದೆ. ಅಲ್ಲಿ ಅವರು ಹಾಕುವ ಲೆಕ್ಕ ನೇರವಾದದ್ದು: ಕೇಳಿದ ಮೊತ್ತ ದಾವೆ ನಡೆಸುವ ಖರ್ಚಿಗಿಂತ ಕಡಿಮೆಯಿದ್ದರೆ ಕೊಟ್ಟು ಮುಗಿಸುವುದು.

ಆದ್ದರಿಂದಲೇ ಕೇಳುವ ಮೊತ್ತದಲ್ಲಿ ಸಂಯಮ ಬೇಕು. ಭಾರತದ ಕಾಯ್ದೆಯಲ್ಲಿ ಅಮೆರಿಕದಂತೆ ಶಾಸನವೇ ನಿಗದಿಪಡಿಸಿದ ಪರಿಹಾರದ ದರವಿಲ್ಲ. ನಷ್ಟವನ್ನು ನೀವೇ ತೋರಿಸಬೇಕು. ಅದಕ್ಕೆ ಗಟ್ಟಿಯಾದ ಆಧಾರ, ಅದೇ ಬಗೆಯ ಬಳಕೆಗೆ ಹಿಂದೆ ನೀವು ಪಡೆದ ಶುಲ್ಕದ ಬಿಲ್ಲುಗಳು. ಐದು ಸಾವಿರಕ್ಕೆ ಪರವಾನಗಿ ಕೊಡುತ್ತಿದ್ದ ಚಿತ್ರಕ್ಕೆ ಹತ್ತು ಲಕ್ಷ ಕೇಳಿದ ನೋಟಿಸನ್ನು ಯಾವ ಕಾನೂನು ವಿಭಾಗವೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ಎಚ್ಚರಿಕೆ 60ನೇ ಕಲಮಿನದು: ಆಧಾರವಿಲ್ಲದ ಬೆದರಿಕೆಗೆ ಗುರಿಯಾದವರು ಅದರ ವಿರುದ್ಧ ತಾವೇ ದಾವೆ ಹೂಡಿ ನಷ್ಟ ಪಡೆಯಬಹುದು. ಮಾಲೀಕತ್ವದ ಬಗ್ಗೆ ಸಂದೇಹವಿರುವ ಮದುವೆ ಚಿತ್ರಗಳಂಥ ಪ್ರಕರಣಗಳಲ್ಲಿ ನೋಟಿಸಿಗೆ ಮೊದಲು ಆ ಮನೆಯವರಿಂದ ಲಿಖಿತ ವರ್ಗಾವಣೆ ಪಡೆಯುವುದು, ಇಲ್ಲವೇ ಅವರ ಹೆಸರಿನಲ್ಲೇ ನೋಟಿಸ್ ಕಳಿಸುವುದು ವಿವೇಕ.

ಸಂಧಾನ ಮತ್ತು ದಾವೆ

ದಾವೆಯೆಂದರೆ ಎಲ್ಲರಿಗೂ ಅಂಜಿಕೆ. ಅಂಜಿಕೆಗೆ ಕಾರಣಗಳೂ ಇವೆ. ಆದರೆ ಕಾಯ್ದೆಯು ಛಾಯಾಗ್ರಾಹಕರಿಗೆ ಇಲ್ಲೊಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ಸಾಮಾನ್ಯ ದಾವೆಯನ್ನು ಪ್ರತಿವಾದಿ ಇರುವ ಕಡೆ ಅಥವಾ ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಕಡೆ ಹೂಡಬೇಕಾಗುತ್ತದೆ. ಹಕ್ಕುಸ್ವಾಮ್ಯದ ದಾವೆಯನ್ನು 62ನೇ ಕಲಮಿನಂತೆ ವಾದಿ ವಾಸಿಸುವ ಅಥವಾ ವ್ಯವಹಾರ ನಡೆಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ಹೂಡಬಹುದು. ಶಿವಮೊಗ್ಗದ ಛಾಯಾಗ್ರಾಹಕರೊಬ್ಬರು ಮುಂಬೈ ಕಂಪನಿಯನ್ನು ಶಿವಮೊಗ್ಗಕ್ಕೇ ಕರೆಸಬಲ್ಲರು. ಹಲವು ಶಾಖೆಗಳಿರುವ ಸಂಸ್ಥೆಗಳು ಈ ಅನುಕೂಲವನ್ನು ದುರುಪಯೋಗಪಡಿಸಿಕೊಳ್ಳದಂತೆ ಸುಪ್ರೀಂ ಕೋರ್ಟ್ 2015ರ ಸಂಜಯ್ ದಾಲಿಯಾ ತೀರ್ಪಿನಲ್ಲಿ ಮಿತಿ ಹಾಕಿದೆಯಾದರೂ, ತನ್ನ ಊರಿನಲ್ಲೇ ವಾಸಿಸುವ ಒಬ್ಬ ವ್ಯಕ್ತಿಗೆ ಆ ಮಿತಿ ತೊಡಕಾಗುವುದು ವಿರಳ.

ವ್ಯಾಜ್ಯದ ಮೌಲ್ಯ 3 ಲಕ್ಷ ರೂಪಾಯಿ ಅಥವಾ ಹೆಚ್ಚಾಗಿದ್ದರೆ ಅದು 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಆಗ ತುರ್ತು ತಡೆಯಾಜ್ಞೆ ಕೋರದಿದ್ದಲ್ಲಿ ದಾವೆಗೆ ಮುನ್ನ ಸಂಧಾನಕ್ಕೆ ಹೋಗುವುದು ಕಡ್ಡಾಯ. 2022ರಲ್ಲಿ ಸುಪ್ರೀಂ ಕೋರ್ಟ್ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಕಾನೂನು ಸೇವಾ ಪ್ರಾಧಿಕಾರದ ಮೂಲಕ ನಡೆಯುವ ಈ ಸಂಧಾನ 3 ತಿಂಗಳಲ್ಲಿ, ಇಬ್ಬರೂ ಒಪ್ಪಿದರೆ ಇನ್ನೂ 2 ತಿಂಗಳಲ್ಲಿ ಮುಗಿಯಬೇಕು, ಮತ್ತು ಅಲ್ಲಿ ಆದ ಒಪ್ಪಂದಕ್ಕೆ ಆರ್ಬಿಟ್ರೇಷನ್ ತೀರ್ಪಿನಷ್ಟೇ ಬಲವಿರುತ್ತದೆ. ಇದನ್ನು ಅಡ್ಡಿಯೆಂದು ಕಾಣುವವರಿದ್ದಾರೆ. ಒಂದೇ ಚಿತ್ರದ ವ್ಯಾಜ್ಯಕ್ಕೆ ಇದು ನಿಜವಾದ ಅವಕಾಶವೆಂದು ನನಗನ್ನಿಸುತ್ತದೆ, ಏಕೆಂದರೆ ವಿಚಾರಣೆ, ಸಾಕ್ಷಿ, ಪಾಟೀಸವಾಲು ಯಾವುದೂ ಇಲ್ಲದೆ ಜಾರಿಗೊಳಿಸಬಹುದಾದ ಒಪ್ಪಂದ ಇಲ್ಲಿ ಸಿಗುತ್ತದೆ. 3 ಲಕ್ಷಕ್ಕಿಂತ ಕಡಿಮೆಯಾದ ವ್ಯಾಜ್ಯಗಳಿಗೆ ಲೋಕ ಅದಾಲತ್‌ನಲ್ಲಿ ದಾವಾಪೂರ್ವ ಅರ್ಜಿ ಹಾಕಬಹುದು. ನ್ಯಾಯಾಲಯ ಶುಲ್ಕವಿಲ್ಲ, ಆದರೆ ಎದುರಿನವರು ಬಂದು ಒಪ್ಪಿದರೆ ಮಾತ್ರ ಫಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರೆಂಬುದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟುವ ಮುನ್ನ ನೆನಪಿಡಬೇಕು.

ಪೂರ್ಣ ಪ್ರಮಾಣದ ದಾವೆ ಎರಡು ಸಂದರ್ಭಗಳಿಗೆ ತಕ್ಕದ್ದು. ಮುದ್ರಣ ಅಥವಾ ಬಿಡುಗಡೆ ಇನ್ನೇನು ಆಗಲಿದ್ದು ತಕ್ಷಣ ತಡೆಯಾಜ್ಞೆ ಬೇಕಾದಾಗ ಒಂದು. ಚಿತ್ರಗಳ ಇಡೀ ಸಂಗ್ರಹವನ್ನೇ ದೋಚಿ ದೊಡ್ಡ ವ್ಯಾಪಾರ ನಡೆಸಿದಾಗ ಇನ್ನೊಂದು. ಕರ್ನಾಟಕ ಹೈಕೋರ್ಟಿಗೆ ಮೂಲ ಸಿವಿಲ್ ಅಧಿಕಾರವಿಲ್ಲದ ಕಾರಣ ಬೆಂಗಳೂರಿನವರೂ ನಗರದ ವಾಣಿಜ್ಯ ನ್ಯಾಯಾಲಯದಲ್ಲೇ ಆರಂಭಿಸಬೇಕು. ಪರಿಹಾರ ಕೋರಲು ಉಲ್ಲಂಘನೆಯ ದಿನದಿಂದ 3 ವರ್ಷಗಳ ಕಾಲಮಿತಿಯಿದೆ. ಪತ್ರವ್ಯವಹಾರದಲ್ಲೇ ಆ ಅವಧಿ ಕಳೆದುಹೋಗದಂತೆ ನೋಡಿಕೊಳ್ಳಬೇಕು.

ಪೊಲೀಸ್ ದೂರು

ಹಕ್ಕುಸ್ವಾಮ್ಯ ಕಾಯ್ದೆಯ 63ನೇ ಕಲಂ ಗೊತ್ತಿದ್ದೂ ಮಾಡಿದ ಉಲ್ಲಂಘನೆಗೆ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಇದು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಹೇಳಿದೆ. ಸಬ್ ಇನ್‌ಸ್ಪೆಕ್ಟರ್ ಮತ್ತು ಮೇಲಿನ ಅಧಿಕಾರಿಗಳು 64ನೇ ಕಲಮಿನಡಿ ಪ್ರತಿಗಳನ್ನು ಜಪ್ತಿ ಮಾಡಬಹುದು. ಜೊತೆಗೆ, ಛಾಯಾಗ್ರಾಹಕರ ಹೆಸರಿನಂಥ ಹಕ್ಕಿನ ಮಾಹಿತಿಯನ್ನು ಬೇಕೆಂದೇ ಅಳಿಸಿದವರಿಗೆ 65ಬಿ ಕಲಂ 2 ವರ್ಷಗಳವರೆಗೆ ಸೆರೆವಾಸ ಹೇಳುತ್ತದೆ. ವಾಟರ್‌ಮಾರ್ಕ್ ಕತ್ತರಿಸಿ ಚಿತ್ರ ಬಳಸಿದ ಪ್ರಕರಣಗಳಲ್ಲಿ ಇದನ್ನು ಸೇರಿಸಲು ಮರೆಯಬಾರದು.

ಕಾಗದದ ಮೇಲೆ ಇಷ್ಟು ಬಿಗಿಯಾದ ದಾರಿ ಹಣದ ವಿಷಯದಲ್ಲಿ ಮಾತ್ರ ಬರಿಗೈಯಲ್ಲಿ ಕಳಿಸುತ್ತದೆ. ದಂಡ ಸರ್ಕಾರಕ್ಕೆ ಹೋಗುತ್ತದೆ. ಎಷ್ಟೋ ಠಾಣೆಗಳಲ್ಲಿ ಇದು ಸಿವಿಲ್ ವ್ಯಾಜ್ಯ ಎಂಬ ಉತ್ತರ ಬರುತ್ತದೆ. ಎಫ್‌ಐಆರ್ ದಾಖಲಾದ ನಂತರ ಇಬ್ಬರೂ ರಾಜಿಯಾದರೂ ಪ್ರಕರಣ ತಾನಾಗಿ ಮುಗಿಯುವುದಿಲ್ಲ, ರದ್ದತಿಗೆ ಹೈಕೋರ್ಟಿಗೆ ಹೋಗಬೇಕಾಗುತ್ತದೆ. ನಿಮ್ಮ ಚಿತ್ರಗಳ ಪೋಸ್ಟರ್ ಅಚ್ಚು ಹಾಕಿ ಮಾರುತ್ತಿರುವವರು, ಹೆಸರು ಅಳಿಸಿ ತಮ್ಮದೆಂದು ಸ್ಪರ್ಧೆಗಳಿಗೆ ಕಳಿಸುವವರು, ಎಚ್ಚರಿಸಿದ ಮೇಲೂ ಮುಂದುವರಿಸುವವರು, ಇಂಥವರ ವಿರುದ್ಧ ಈ ದಾರಿ ನ್ಯಾಯವಾದದ್ದು. ಊರಿನ ಹೋಟೆಲಿನವರ ಮೇಲೆ ಮೊದಲ ಹೆಜ್ಜೆಯಾಗಿ ಇದನ್ನು ಬಳಸುವುದು ಅತಿಯಾಗುತ್ತದೆ.

ವಿದೇಶದಲ್ಲಿ ಬಳಕೆಯಾದಾಗ

ಹಂಪಿಯ ಕಲ್ಲಿನ ರಥ ಅಥವಾ ನಾಗರಹೊಳೆಯ ಹುಲಿಯ ಚಿತ್ರ ಅಮೆರಿಕದ ಅಥವಾ ಯುರೋಪಿನ ಪ್ರವಾಸ ಕಂಪನಿಯ ಪುಟದಲ್ಲಿ ಸಿಕ್ಕಿತೆನ್ನಿ. ಬೆಂಗಳೂರಿನ ವಕೀಲರ ನೋಟಿಸ್ ಅಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ. ಪಿಕ್ಸಿ, ಕಾಪಿಟ್ರ್ಯಾಕ್ ಮುಂತಾದ ಸಂಸ್ಥೆಗಳು ಜಾಲವನ್ನು ಜಾಲಾಡಿ ಚಿತ್ರಗಳನ್ನು ಹುಡುಕಿ, ಅಲ್ಲಿನ ವಕೀಲರ ಮೂಲಕ ವಸೂಲಿ ಮಾಡಿ, ಬಂದ ಹಣದಲ್ಲಿ ಅರ್ಧದ ಆಸುಪಾಸು ತಾವು ಇಟ್ಟುಕೊಳ್ಳುತ್ತವೆ. ಮುಂಗಡ ಖರ್ಚಿಲ್ಲ. ಆದರೆ ಯಾವ ಪ್ರಕರಣ ಹಿಡಿಯಬೇಕೆಂಬ ನಿರ್ಧಾರ ಅವರದ್ದು, ಪತ್ರದ ಧಾಟಿಯೂ ಅವರದ್ದು. ನಿಮ್ಮಿಂದ ಪರವಾನಗಿ ಪಡೆದ ಗ್ರಾಹಕರ ಪಟ್ಟಿಯನ್ನು ಮೊದಲೇ ಒಪ್ಪಿಸದಿದ್ದರೆ ಹಳೆಯ ಗ್ರಾಹಕರಿಗೇ ವಸೂಲಿ ಪತ್ರ ಹೋಗುವ ಅಪಾಯವಿದೆ. ಜರ್ಮನಿಯಂಥ ದೇಶದಲ್ಲಿ, ಹೆಸರು ಹಾಕದ ಬಳಕೆಗೆ ಪರವಾನಗಿ ಶುಲ್ಕದ ಮೇಲೆ ಹೆಚ್ಚುವರಿ ಮೊತ್ತ ಕೊಡಿಸುವ ಪರಿಪಾಠ ನ್ಯಾಯಾಲಯಗಳಲ್ಲಿರುವುದರಿಂದ, ಅರ್ಧ ಬಿಟ್ಟುಕೊಟ್ಟರೂ ನಷ್ಟವಾಗದಿರಬಹುದು.

ಅಮೆರಿಕದ ಬಳಕೆಗೆ ಇನ್ನೊಂದು ದಾರಿಯೂ ಇದೆ. 2022ರ ಜೂನ್‌ನಲ್ಲಿ ಆರಂಭವಾದ ಅಲ್ಲಿನ ಕಾಪಿರೈಟ್ ಕ್ಲೇಮ್ಸ್ ಬೋರ್ಡ್ ಸಣ್ಣ ವ್ಯಾಜ್ಯಗಳನ್ನು ಜಾಲದ ಮೂಲಕವೇ ವಿಚಾರಿಸುತ್ತದೆ. ವಕೀಲರು ಕಡ್ಡಾಯವಲ್ಲ, ಒಟ್ಟು ಶುಲ್ಕ 100 ಡಾಲರ್, ಗರಿಷ್ಠ ಪರಿಹಾರ 30,000 ಡಾಲರ್. ಎದುರಿನವರು 60 ದಿನಗಳಲ್ಲಿ ಹೊರಗುಳಿಯುವೆನೆಂದು ತಿಳಿಸಿದರೆ ಮಾತ್ರ ಪ್ರಕರಣ ಅಲ್ಲಿಗೇ ನಿಲ್ಲುತ್ತದೆ. ಈ ಮಂಡಳಿಗೆ ಹೋಗಲು ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯಲ್ಲಿ ನೋಂದಣಿಗೆ ಅರ್ಜಿಯಾದರೂ ಹಾಕಿರಬೇಕು.

ನೋಂದಣಿ ಎಲ್ಲಿ ಮಾಡಿಸಬೇಕು?

ಭಾರತದಲ್ಲಿ ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ 48ನೇ ಕಲಮಿನಂತೆ ಅದು ಮೇಲ್ನೋಟದ ಸಾಕ್ಷ್ಯ, ಅಂದರೆ ವಿರುದ್ಧ ಸಾಬೀತಾಗುವವರೆಗೆ ಒಪ್ಪುವಂಥದ್ದು. ಕಲಾಕೃತಿಗೆ ಶುಲ್ಕ 500 ರೂಪಾಯಿ, ಸರಕುಗಳ ಮೇಲೆ ಬಳಸುವಂಥದ್ದಾದರೆ 2,000. ಆಕ್ಷೇಪಣೆಗಾಗಿ 30 ದಿನ ಕಾಯಬೇಕು. ತೊಡಕು ಇರುವುದು ಒಂದು ಅರ್ಜಿಗೆ ಒಂದೇ ಕೃತಿ ಎಂಬ ನಿಯಮದಲ್ಲಿ: ನೂರು ಚಿತ್ರಗಳಿಗೆ ನೂರು ಅರ್ಜಿ, 50,000 ರೂಪಾಯಿ. ಅಮೆರಿಕದ ಕಚೇರಿಯಲ್ಲಿ 55 ಡಾಲರ್‌ಗೆ ಒಂದೇ ಅರ್ಜಿಯಲ್ಲಿ 750 ಛಾಯಾಚಿತ್ರಗಳವರೆಗೆ ಗುಂಪು ನೋಂದಣಿ ಮಾಡಿಸಬಹುದು. ಪ್ರಕಟಿತ ಮತ್ತು ಅಪ್ರಕಟಿತ ಚಿತ್ರಗಳಿಗೆ ಬೇರೆ ಬೇರೆ ಅರ್ಜಿ. ಉಲ್ಲಂಘನೆಗೆ ಮುಂಚೆಯೇ, ಅಥವಾ ಪ್ರಕಟವಾದ 3 ತಿಂಗಳೊಳಗೆ ನೋಂದಾಯಿಸಿದ ಚಿತ್ರಕ್ಕೆ ಅಲ್ಲಿನ ನ್ಯಾಯಾಲಯದಲ್ಲಿ ನಷ್ಟ ಸಾಬೀತುಪಡಿಸದೆಯೇ ಪ್ರತಿ ಕೃತಿಗೆ 750ರಿಂದ 30,000 ಡಾಲರ್, ಬೇಕೆಂದೇ ಮಾಡಿದ ತಪ್ಪಿಗೆ 1,50,000 ಡಾಲರ್‌ವರೆಗೆ ಪರಿಹಾರ ಸಾಧ್ಯ.

ಆದ್ದರಿಂದ ನನ್ನ ಸಲಹೆ ಹೀಗೆ. ಮದುವೆ ಮತ್ತು ಸ್ಥಳೀಯ ಕಾರ್ಯಕ್ರಮಗಳ ಛಾಯಾಗ್ರಾಹಕರು ನೋಂದಣಿಯ ಹಣವನ್ನು ಉಳಿಸಿ, ಮುಂಗಡ ಪಡೆಯುವ ದಿನವೇ ಸಹಿ ಹಾಕಿಸುವ ಕರಾರಿನ ಮೇಲೆ ಗಮನವಿಡಲಿ. ವನ್ಯಜೀವಿ, ಪರಂಪರೆ ಮತ್ತು ಪ್ರವಾಸದ ಚಿತ್ರಗಳನ್ನು ಜಗತ್ತಿಗೆ ತೋರಿಸುವವರು ವರ್ಷಕ್ಕೊಮ್ಮೆ ಅಮೆರಿಕದ ಗುಂಪು ನೋಂದಣಿಗೆ ಹಣ ಹಾಕುವುದು ಲಾಭದಾಯಕ. ಭಾರತದಲ್ಲೇ ಪದೇ ಪದೇ ಕದಿಯಲ್ಪಡುವ, ಹೆಸರು ತಂದ ನಾಲ್ಕಾರು ಚಿತ್ರಗಳಿದ್ದರೆ ಅವಕ್ಕೆ ಮಾತ್ರ ಇಲ್ಲಿಯ ನೋಂದಣಿ ಸಾಕು. ಕರಾರಿನಲ್ಲಿ ಈ ಮೂರು ವಾಕ್ಯಗಳಿರಲಿ: ‘ಈ ಕಾರ್ಯಕ್ರಮದಲ್ಲಿ ತೆಗೆದ ಎಲ್ಲ ಛಾಯಾಚಿತ್ರಗಳ ಹಕ್ಕುಸ್ವಾಮ್ಯ ಛಾಯಾಗ್ರಾಹಕರದ್ದಾಗಿರುತ್ತದೆ. ಗ್ರಾಹಕರು ಅವುಗಳನ್ನು ವೈಯಕ್ತಿಕವಾಗಿ ಬಳಸಲು, ಮುದ್ರಿಸಲು ಮತ್ತು ಹಂಚಿಕೊಳ್ಳಲು ಶಾಶ್ವತ ಪರವಾನಗಿ ಹೊಂದಿರುತ್ತಾರೆ. ಗ್ರಾಹಕರ ಲಿಖಿತ ಒಪ್ಪಿಗೆಯಿಲ್ಲದೆ ಛಾಯಾಗ್ರಾಹಕರು ಈ ಚಿತ್ರಗಳನ್ನು ಜಾಹೀರಾತಿಗೆ ಬಳಸುವುದಿಲ್ಲ, ಮೂರನೆಯವರಿಗೂ ಕೊಡುವುದಿಲ್ಲ.’ ಕೊನೆಯ ವಾಕ್ಯವನ್ನು ಕಂಡ ಮೇಲೆ ಹೆಚ್ಚಿನ ಕುಟುಂಬಗಳು ಮೊದಲ ವಾಕ್ಯಕ್ಕೂ ಸಂತೋಷದಿಂದ ಸಹಿ ಹಾಕುತ್ತವೆ.